ಫೋನಿನಲ್ಲಿ ನನ್ನ ಸ್ವರ

ನನಗೆ ಆಗ ಅರವತ್ತಾರು. ಈಗ್ಗೆ ನಾಲ್ಕು ವರ್ಷದ ಹಿಂದಿನ ಮಾತು.

ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಚಾಪೆಯ ಮೇಲೆ ಕಾಲು ಚಾಚಿದ್ದೆ, ಕರೆಂಟು ಹೋಯಿತು. ಫ್ಯಾನು ನಿಂತಿತು. ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು. ಪಕ್ಕದ ಮನೆಯ ಟಿವಿಯಲ್ಲಿ ಜಗಳವಾಡುತ್ತಿದ್ದ ಹೆಂಗಸರು ಅರ್ಧ ಮಾತಿಗೇ ಬಾಯಿ ಮುಚ್ಚಿದರು. ಆಗ ಸಮುದ್ರ ಕೇಳಿಸಿತು. ಅದು ಯಾವತ್ತೂ ಅಲ್ಲೇ ಇದೆ; ನಮ್ಮ ಹಿತ್ತಿಲು ದಾಟಿ, ತೆಂಗಿನ ಸಾಲು ದಾಟಿದರೆ ಕಾಲಿಗೇ ಬರುತ್ತದೆ. ಆದರೆ ಕರೆಂಟು ಹೋಗದೆ ನಮಗೆ ಕೇಳಿಸುವುದಿಲ್ಲ. ಒಂದು ಶಬ್ದ ನಿಂತರೆ ಅದರ ಹಿಂದೆ ಇದ್ದ ಇನ್ನೊಂದು ಎದ್ದು ಬರುತ್ತದೆ. ಕಣ್ಣು ಮುಚ್ಚಿದ್ದೆನೋ ಬಿಟ್ಟಿದ್ದೆನೋ ಗೊತ್ತಿಲ್ಲ, ಆ ಅರವತ್ತಾರನೆಯ ವರ್ಷ ಬಂದು ಚಾಪೆಯ ತುದಿಯಲ್ಲಿ ಕುಳಿತ ಹಾಗಾಯಿತು.

ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಕ್ಷರ ಕೂಡಿಸುವಷ್ಟರಲ್ಲಿ ಹೇಳಬೇಕಾದ ಮಾತು ಎದ್ದು ಹೊರಗೆ ಹೋಗಿರುತ್ತದೆ. ಹೇಗೆ ಬಂತೋ ಹಾಗೆ ಬರೆಯುತ್ತೇನೆ, ನೀವು ಸರಿಮಾಡಿ ಓದಿಕೊಳ್ಳಿ.

ನಮ್ಮ ಮನೆ ಕಾಪುವಿನಲ್ಲಿ. ಗಂಡ ಹೋಗಿ ಬಹಳ ವರ್ಷವಾಯಿತು. ಮಗ ದಿನೇಶ ಮಣಿಪಾಲದಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾನೆ. ಅಲ್ಲಿ ಮನೆಗಳು ಒಂದರ ತಲೆಯ ಮೇಲೆ ಇನ್ನೊಂದು ಕುಳಿತಿರುವುದರಿಂದ ಅವನಿಗೆ ಕೆಲಸಕ್ಕೆ ಬರಗಾಲವಿಲ್ಲ. ಸೊಸೆ ಸವಿತ ಕಾರ್ಕಳದವಳು. ಮದುವೆಗೆ ಮೊದಲು ಉಡುಪಿಯ ಒಂದು ಬಟ್ಟೆ ಅಂಗಡಿಯಲ್ಲಿ ನಿಂತು ಸೀರೆ ಬಿಚ್ಚಿ ತೋರಿಸುವ ಕೆಲಸದಲ್ಲಿದ್ದಳು. ಇಡೀ ದಿನ ನಿಂತು ನಿಂತು ಕಾಲು ಊದುತ್ತಿತ್ತಂತೆ. ಮದುವೆಯಾಗಿ ಬಂದು ಇನ್ನೂ ನಮ್ಮ ಮನೆಯ ಉಪ್ಪಿನ ಭರಣಿ ಎಲ್ಲಿದೆ ಎಂದು ಸರಿಯಾಗಿ ತಿಳಿಯುವ ಮೊದಲೇ ಒಂದು ದಿನ ಹೇಳಿದಳು:

"ಮಾಮಿ, ನಾನು ಹಿಟ್ಟಿನ ವ್ಯಾಪಾರ ಮಾಡ್ತೇನೆ."

ನಮ್ಮಲ್ಲಿ ಅತ್ತೆಯನ್ನು ಮಾಮಿ ಎಂದೇ ಕರೆಯುವುದು.

"ಎಂತ ಹಿಟ್ಟು?"

"ದೋಸೆ ಹಿಟ್ಟು. ಇಡ್ಲಿ ಹಿಟ್ಟು. ಕಡೆದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಮಣಿಪಾಲದ ಫ್ಲ್ಯಾಟಿನವರಿಗೆ ಕೊಡುವುದು. ಇವರು ಹೇಗೂ ದಿನಾ ಹೋಗ್ತಾರಲ್ಲ."

ನಾನು ನಕ್ಕೆ. ಮುಚ್ಚುಮರೆ ಮಾಡುವುದು ನನಗೆ ಬರುವುದಿಲ್ಲ. "ಅಕ್ಕಿ ನೆನೆಹಾಕಿ ಕಡೆಯಲು ಬಾರದ ಹೆಂಗಸರೂ ಉಂಟಾ ಮಾರಾಯ್ತಿ? ಹಿಟ್ಟನ್ನು ಕೊಂಡುಕೊಳ್ಳುವವರು ನಾಳೆ ನೀರನ್ನೂ ಕೊಂಡುಕೊಂಡಾರು" ಎಂದೆ.

"ನೀರು ಕೊಂಡುಕೊಳ್ಳಲು ಶುರುಮಾಡಿ ಎಷ್ಟೋ ಕಾಲ ಆಯ್ತು ಮಾಮಿ" ಎಂದಳು ಅವಳು, ನಗದೆ.

ಉಡುಪಿಯಲ್ಲಿ ಬಾಗಿಲು ಹಾಕಿದ ಒಂದು ಹೋಟೆಲಿನಿಂದ ಹಳೆಯ ದೊಡ್ಡ ಗ್ರೈಂಡರ್ ತಂದರು. ಹಿತ್ತಿಲಿನ ಶೆಡ್ಡಿನಲ್ಲಿ ಇಟ್ಟರು. ಮೊದಲು ಆ ಶೆಡ್ಡಿನಲ್ಲಿ ಸೌದೆ ಮತ್ತು ತೆಂಗಿನ ಮಡಲು ಇರುತ್ತಿದ್ದವು. ಗ್ರೈಂಡರಿನ ಒಳಗಿನ ಕಲ್ಲಿನ ಅಂಚು ಒಂದು ಕಡೆ ಸ್ವಲ್ಪ ಒಡೆದಿತ್ತು. ಹೋಟೆಲಿನಲ್ಲಿ ಯಾರೋ ಕೈಜಾರಿ ಬೀಳಿಸಿದ್ದಿರಬೇಕು. ಹಾಗಾಗಿ ಅದು ತಿರುಗುವಾಗ ಘುರ್ರ್ ಎಂದು ಹೋಗಿ, ಸುತ್ತು ಮುಗಿಯುವಲ್ಲಿ ಟಕ್ ಎನ್ನುತ್ತಿತ್ತು. ಘುರ್ರ್, ಟಕ್. ಘುರ್ರ್, ಟಕ್. ಕುಂಟುವವನು ಊರುಗೋಲು ಊರಿಕೊಂಡು ಮನೆ ಸುತ್ತುವ ಹಾಗೆ. ಮೊದಮೊದಲು ನನಗೆ ತಲೆನೋವು ಬರುತ್ತಿತ್ತು. ಆಮೇಲೆ ಅದು ನಿಂತರೆ ತಲೆನೋವು ಬರಲು ಶುರುವಾಯಿತು.

ಹಿಟ್ಟನ್ನು ಯಾರು ಕೊಳ್ಳುತ್ತಾರೆ ಎಂದ ನನ್ನ ಭವಿಷ್ಯ ಸುಳ್ಳಾಯಿತು. ಲಿಫ್ಟ್ ಸರಿಮಾಡಲು ಹೋದ ದಿನೇಶ ಮೇಲಿನ ಮಹಡಿಯವರಿಗೂ ಕೆಳಗಿನ ಮಹಡಿಯವರಿಗೂ ಹೇಳಿದ. ಎರಡು ಅಂಗಡಿಯವರು ಫ್ರಿಜ್ಜಿನಲ್ಲಿ ಜಾಗ ಕೊಟ್ಟರು. ಸವಿತ ತೊಟ್ಟೆಗೆ ಅಂಟಿಸಲು ಚಿತ್ರವನ್ನೂ ಮಾಡಿಸಿದಳು: ಒಂದು ದೋಸೆ, ಅದರ ಮಧ್ಯೆ ನಮ್ಮ ಕಾಪುವಿನ ದೀಪಸ್ತಂಭ ನೆಟ್ಟಗೆ ನಿಂತಿದೆ. "ದೋಸೆಗೆ ತೂತಾಗುವುದಿಲ್ವಾ?" ಎಂದು ಕೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಮ್ಮ ಮನೆಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದೆಲ್ಲ ಆ ಶೆಡ್ಡಿನಲ್ಲಿಯೇ. ಒಳಗೆ ಬಂದರೆ ಸೊಸೆ, ಅಲ್ಲಿದ್ದರೆ ಸವಿತ. ಕಾಪುವಿನಿಂದ ಕುಂದಾಪುರದವರೆಗೆ ಎಲ್ಲರ ಫ್ರಿಜ್ಜಿನಲ್ಲೂ ನಮ್ಮ ದೀಪಸ್ತಂಭ ಇರಬೇಕು ಮಾಮಿ, ಎನ್ನುತ್ತಿದ್ದಳು. ಹಿಟ್ಟು ಮೆತ್ತಿದ ಕೈಯನ್ನು ಗಾಳಿಯಲ್ಲಿ ಚಾಚಿ ಕುಂದಾಪುರ ತೋರಿಸುತ್ತಿದ್ದಳು.

ಬಸುರಿಯಾದ ಮೇಲೂ ಬಿಡಲಿಲ್ಲ. ಹೊಟ್ಟೆಯನ್ನು ಗ್ರೈಂಡರಿನ ಅಂಚಿಗೆ ಒರಗಿಸಿಕೊಂಡು ನಿಂತು, ಕಲ್ಲಿನ ಪಕ್ಕದಲ್ಲಿ ಬೆರಳಾಡಿಸುತ್ತಾ ಹಿಟ್ಟು ನೋಡುತ್ತಿದ್ದಳು. ನೋವು ಶುರುವಾದದ್ದೂ ತೊಟ್ಟೆ ಕಟ್ಟುತ್ತಿರುವಾಗಲೇ. ಉಡುಪಿಯ ಆಸ್ಪತ್ರೆಯಲ್ಲಿ ಹೆಣ್ಣು ಮಗು. ಮೊದಲ ಬಾಣಂತನ ತವರಿನಲ್ಲಿ, ಅದು ನಮ್ಮ ಕಡೆಯ ಕ್ರಮ. ಮೂರು ತಿಂಗಳು ಅಲ್ಲಿಂದ ಹೊರಡುವ ಹಾಗಿಲ್ಲ. ಆಸ್ಪತ್ರೆಯಿಂದ ಸೀದಾ ಕಾರ್ಕಳಕ್ಕೆ ಹೋದರು.

ಮಗು ಅತ್ತಿತು. ಎಲ್ಲ ಮಕ್ಕಳೂ ಅಳುತ್ತವೆ, ಅದರಲ್ಲೇನು ಎಂದುಕೊಂಡೆ. ಇದು ಹಾಗಲ್ಲ. ಕುಡಿಯುವುದು, ಅಳುವುದು. ಅತ್ತು ಸುಸ್ತಾಗಿ ಕಣ್ಣು ಮುಚ್ಚುವುದು, ಮುಚ್ಚಿದ ರೆಪ್ಪೆ ಒಣಗುವ ಮೊದಲೇ ಬೆಚ್ಚಿ ಏಳುವುದು. ಸವಿತಳ ತಾಯಿ ಸುಮತಿ ಬಜೆ ತೇದರು, ಓಮದ ನೀರು ಕಾಯಿಸಿದರು, ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಡಾಕ್ಟರು ನೋಡಿ ಮಗುವಿಗೆ ಏನೂ ಇಲ್ಲ ಎಂದರು. ಮಗುವಿಗೆ ಏನೂ ಇರಲಿಲ್ಲ, ಸರಿ. ತಾಯಿಗೆ ನಿದ್ದೆ ಇರಲಿಲ್ಲ.

ಈಗ ನಮ್ಮ ಮನೆಯ ಫೋನಿನ ವಿಷಯ ಹೇಳಬೇಕು. ನಮ್ಮಲ್ಲಿ ರೇಂಜ್ ಸಿಗುವುದು ಒಂದೇ ಜಾಗದಲ್ಲಿ, ಶೆಡ್ಡಿನ ಕಿಟಕಿಯ ದಂಡೆಯ ಮೇಲೆ. ಅಲ್ಲಿ ಫೋನು ಇಟ್ಟು, ಸ್ಪೀಕರ್ ಹಾಕಿ, ಎದುರು ನಿಂತು ದೇವರಿಗೆ ಹರಕೆ ಹೇಳಿಕೊಳ್ಳುವ ಹಾಗೆ ಗಟ್ಟಿಯಾಗಿ ಮಾತಾಡಬೇಕು. ಕಿಟಕಿಯ ಕೆಳಗೇ ಗ್ರೈಂಡರ್. ಸವಿತ ತವರಿಗೆ ಹೋದ ಮೇಲೆ ವ್ಯಾಪಾರ ಹೆಚ್ಚು ಕಡಿಮೆ ನಿಂತಿತ್ತು. ಹಿಂದಿನಿಂದಲೂ ತೆಗೆದುಕೊಳ್ಳುತ್ತಿದ್ದ ಕೆಲವು ಮನೆಯವರಿಗೆ ಮಾತ್ರ, ಅವಳು ಬರುವವರೆಗೆ ದಾರಿ ಮರೆಯದಿರಲಿ ಎಂದು, ಮಧ್ಯಾಹ್ನ ಸ್ವಲ್ಪ ಕಡೆದು ಇಡುತ್ತಿದ್ದೆ. ಸುಮ್ಮನೆ ನಿಂತು ಮಾತಾಡುವುದು ನನ್ನ ಜಾಯಮಾನಕ್ಕೆ ಬಂದದ್ದಲ್ಲ. ಕಡೆಯುವ ಹೊತ್ತಿಗೇ ಫೋನು ಮಾಡಿದೆ.

"ಹಲೋ, ಸವಿತಾ? ಮಗು ಹೇಗುಂಟು?"

ಹಿಂದಿನಿಂದ ಆ ಅಳು ಕೇಳುತ್ತಿತ್ತು. ನಾನು ಮಾತಾಡುತ್ತಾ ಹೋದೆ. ದಿನೇಶನಿಗೆ ಶೀತವಾದದ್ದು, ಬೆಕ್ಕು ಮೀನು ಎತ್ತಿಕೊಂಡು ಹೋದದ್ದು, ಎರ್ಮಾಳಿನ ಮೀನು ಮಾರುವ ಹೆಂಗಸು ನನಗೆ ಬಂಗುಡೆ ಬದಲಿಗೆ ಬಾಯಿಮಾತು ಕೊಟ್ಟು ಹೋದದ್ದು. ಸ್ವಲ್ಪ ಹೊತ್ತಿನಲ್ಲಿ ಅತ್ತ ಕಡೆ ಸದ್ದಿಲ್ಲ. ಲೈನ್ ಕಟ್ಟಾಯಿತೆಂದುಕೊಂಡೆ.

"ಮಾಮಿ" ಎಂದಳು ಸವಿತ, ಪಿಸುಮಾತಿನಲ್ಲಿ. "ಮಗು ಮಲಗಿತು. ನಿಮ್ಮ ಸ್ವರ ಕೇಳಿ ಮಲಗಿತು ಮಾಮಿ. ನಿಲ್ಲಿಸಬೇಡಿ, ಮಾತಾಡಿ."

ನೋಡಿ, ನನ್ನ ಸ್ವರವನ್ನು ಅಷ್ಟರವರೆಗೆ ಯಾರೂ ಹೊಗಳಿರಲಿಲ್ಲ. ನನ್ನ ಗಂಡ ಬದುಕಿದ್ದಾಗ ನಾನು ಬಾವಿಕಟ್ಟೆಯಲ್ಲಿ ಮಾತಾಡಿದರೆ ದೋಣಿಯವರು ದಡ ಸಿಕ್ಕಿತೆಂದು ತಿಳಿಯುತ್ತಾರೆ ಎಂದು ಹಾಸ್ಯ ಮಾಡುತ್ತಿದ್ದರು. ಅಂಥ ಸ್ವರಕ್ಕೆ ಒಂದು ಮಗು ಮಲಗಿತು! ಅವತ್ತು ನಾನು ದಿನೇಶನಿಗೆ ಅನ್ನ ಬಡಿಸಿದ್ದೂ ಸ್ವಲ್ಪ ಗತ್ತಿನಲ್ಲಿಯೇ.

ಅಲ್ಲಿಂದ ದಿನಾ ಮಧ್ಯಾಹ್ನ ಅದೇ ಕೆಲಸ. ಉದ್ದು ಹಾಕಿ ಗ್ರೈಂಡರಿನ ಗುಂಡಿ ಒತ್ತುವುದು, ಫೋನನ್ನು ದಂಡೆಯ ಮೇಲೆ ಇಡುವುದು, ಮಾತು. ಎಷ್ಟು ದಿನ ಬೆಕ್ಕು, ಬಂಗುಡೆ ಎನ್ನುವುದು? ಮಾತು ಮುಗಿಯಿತು. ಆಗ ಹಳೆಯದೆಲ್ಲ ಬರತೊಡಗಿತು. ಮಗುವಿಗೆ ಹೇಳುತ್ತಿದ್ದೇನೋ, ನನಗೇ ಹೇಳಿಕೊಳ್ಳುತ್ತಿದ್ದೇನೋ. ಕಿಟಕಿಯ ಆಚೆ ಬಿಸಿಲು, ಒಳಗೆ ಬಿಳಿಯ ಹಿಟ್ಟು ಮೆಲ್ಲಗೆ ಉಬ್ಬಿ ಮಡಚಿ ತಿರುಗುವುದು. ಅದನ್ನೇ ನೋಡುತ್ತಾ ನಿಂತರೆ ಇವತ್ತು ಯಾವ ವಾರ ಎಂಬುದೂ ಮರೆತುಹೋಗುತ್ತಿತ್ತು.

ನಾನು ಹುಟ್ಟಿದ್ದು ಎಲ್ಲೂರು ಎಂಬ ಹಳ್ಳಿಯಲ್ಲಿ. ಅಮ್ಮ ಬೇರೆಯವರ ಮನೆಗೆ ಕಡೆಯಲು ಹೋಗುತ್ತಿದ್ದರು. ತಮ್ಮ ಆಗಷ್ಟೇ ಹುಟ್ಟಿದ್ದ. ಅವನನ್ನು ಅಡಿಕೆ ಹಾಳೆಯ ಮೇಲೆ ಹಳೆ ಬಟ್ಟೆ ಹಾಸಿ, ಕಡೆಯುವ ಕಲ್ಲಿನ ಪಕ್ಕದಲ್ಲೇ ಮಲಗಿಸುತ್ತಿದ್ದರು. ಅಮ್ಮ ಗುಂಡುಕಲ್ಲು ತಿರುಗಿಸುವುದು, ನಾನು ಎದುರು ಕುಕ್ಕರಗಾಲಿನಲ್ಲಿ ಕುಳಿತು ಬೆರಳು ಜಜ್ಜಿಹೋಗದ ಹಾಗೆ ಅಕ್ಕಿಯನ್ನು ಹೊಂಡಕ್ಕೆ ತಳ್ಳುವುದು. ನನಗೆ ತೂಕಡಿಕೆ. ತೂಕಡಿಕೆಯಲ್ಲಿ ಆ ಕಲ್ಲು ದೊಡ್ಡದಾಗುತ್ತಾ ದೊಡ್ಡದಾಗುತ್ತಾ ನಮ್ಮ ಮನೆಯಷ್ಟಾಗಿ, ಅಮ್ಮ, ನಾನು, ಹಾಳೆಯ ಮೇಲಿನ ತಮ್ಮ ಎಲ್ಲರೂ ಅದರ ಹೊಂಡದೊಳಗೆ ಮೆಲ್ಲಗೆ ಸುತ್ತುತ್ತಿರುವ ಹಾಗೆ ಕಾಣುತ್ತಿತ್ತು. ಸುತ್ತಿ ಸುತ್ತಿ ನಾವೂ ನುಣ್ಣಗಾಗುತ್ತಿದ್ದೆವು. ಅಮ್ಮ ಒದ್ದೆ ಮಣಿಕಟ್ಟಿನಿಂದ ನನ್ನ ಹಣೆಗೆ ಒಂದು ತಟ್ಟುತ್ತಿದ್ದರು. "ಅಕ್ಕಿ ಹಾಕು ಹೆಣ್ಣೇ, ಬರೀ ಕಲ್ಲು ತಿರುಗಿಸಬಾರದು" ಎನ್ನುತ್ತಿದ್ದರು. ಬರೀ ಕಲ್ಲು ತಿರುಗಿಸಬಾರದು, ಮಗು ಇಲ್ಲದ ತೊಟ್ಟಿಲು ತೂಗಬಾರದು. ಮನೆಗೆ ಒಳ್ಳೆಯದಲ್ಲವಂತೆ. ಯಾಕೆಂದು ಅಮ್ಮ ಹೇಳಲಿಲ್ಲ, ನಾನು ಕೇಳಲಿಲ್ಲ. ಇವತ್ತಿನವರೆಗೆ ನಾನು ಎರಡನ್ನೂ ಮಾಡಿಲ್ಲ.

ಮದುವೆಯಾಗಿ ಕಾಪುವಿಗೆ ಬಂದ ಮೇಲೆ ನಾನು ಹಿಡಿದದ್ದು ಬೀಡಿ. ಆಗ ನಮ್ಮ ಕಡೆ ಎಲ್ಲ ಜಗಲಿಯಲ್ಲೂ ಬೀಡಿ ಕಟ್ಟುವ ಹೆಂಗಸರೇ. ದಿನೇಶ ಹುಟ್ಟಿದಾಗ ಸೀರೆ ಕಟ್ಟಿ ತೊಟ್ಟಿಲು ಮಾಡಿದೆ. ತೊಟ್ಟಿಲಿಗೆ ಒಂದು ಹಗ್ಗ, ಹಗ್ಗದ ತುದಿ ನನ್ನ ಕಾಲಿನ ಹೆಬ್ಬೆರಳಿಗೆ. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಎಲೆ ಮತ್ತು ಹೊಗೆಸೊಪ್ಪು. ಕೈ ಬೀಡಿ ಸುತ್ತುವುದು, ಕಾಲು ಮಗನನ್ನು ತೂಗುವುದು. ಎರಡೂ ಒಂದೇ ತಾಳಕ್ಕೆ ಬಂದವು; ಬೀಡಿಗೆ ನೂಲು ಕಟ್ಟಲು ಕೈ ನಿಂತರೆ ಕಾಲೂ ನಿಲ್ಲುತ್ತಿತ್ತು, ಕಾಲು ನಿಂತರೆ ಇವನು ಕಿರುಚುತ್ತಿದ್ದ. ಒಂದು ದಿನ ಬೀಡಿ ಬ್ರಾಂಚಿನವನು ಬಂದನೆಂದು ಗಡಿಬಿಡಿಯಲ್ಲಿ ಎದ್ದೆ. ಹೆಬ್ಬೆರಳಿನ ಹಗ್ಗ ನೆನಪಿಲ್ಲ. ನಾನು ಮುಗ್ಗರಿಸಿ ಜಗಲಿಯ ಮೆಟ್ಟಿಲಿನಲ್ಲಿ, ಬೀಡಿ ಅಂಗಳದಲ್ಲಿ, ತೊಟ್ಟಿಲು ಮಾಡಿನವರೆಗೆ ಹೋಗಿ ಬಂತು. ದಿನೇಶ ನಗುತ್ತಿದ್ದ. ಅವನು ಲಿಫ್ಟಿನ ಕೆಲಸಕ್ಕೆ ಹೋದದ್ದು ಅದಕ್ಕೇ ಇರಬೇಕು ಎಂದು ನಾನು ಆಗಾಗ ಹೇಳುವುದುಂಟು.

ಮಗು ಸಾಕುವುದೂ ದುಡಿಯುವುದೂ ಎರಡು ಬೇರೆ ಬೇರೆ ಕೆಲಸ ಎಂದು ನಮಗೆ ಯಾರೂ ಹೇಳಿರಲಿಲ್ಲ. ಹಾಗೆಂದು ಆ ಕಾಲ ಚಂದ ಇತ್ತು ಎನ್ನುವವಳು ನಾನಲ್ಲ. ಸೊಂಟ ಹೋಯಿತು. ಹೊಗೆಸೊಪ್ಪಿನ ಘಾಟು ಮಗನ ಮೂಗಿಗೆ ಹೋಗಿ ಅವನು ವರ್ಷವಿಡೀ ಕೆಮ್ಮಿದ. ಆಸೆ ಎಂಬುದು ಇತ್ತೋ ಇಲ್ಲವೋ ನೋಡಿಕೊಳ್ಳಲು ಪುರುಸೊತ್ತು ಸಿಗಲಿಲ್ಲ. ಬೀಡಿ ಕಟ್ಟುವಾಗ ನಾನು ಯಾವತ್ತೂ ಕೈ ಚಾಚಿ ಕುಂದಾಪುರ ತೋರಿಸಲಿಲ್ಲ. ಸವಿತಳಿಗೆ ಅದು ಇತ್ತು. ಅದು ಎಲ್ಲಿಂದ ಬರುತ್ತದೆ ಎಂದು ನನಗೆ ಗೊತ್ತಿಲ್ಲ. ಆದರೆ ಅದನ್ನು ಹತ್ತಿರದಿಂದ ನೋಡಿದ್ದೇನೆ.

ಇದನ್ನೆಲ್ಲ ಆ ಮಗುವಿಗೆ ಹೇಳಿದೆ. ಅದು ಮಲಗುತ್ತಿತ್ತು. ಮಧ್ಯಾಹ್ನದ ಆ ಸ್ವಲ್ಪ ಹೊತ್ತು ಸವಿತಳೂ ಮಲಗುತ್ತಿದ್ದಳು. ಉಳಿದ ಹೊತ್ತೆಲ್ಲ ಮೊದಲಿನ ಹಾಗೇ.

ಸುಮತಿ ಒಂದು ದಿನ ತಾವೇ ಫೋನು ಮಾಡಿದರು. "ಗಿರಿಜಕ್ಕ, ನಿಮ್ಮ ಸ್ವರದಲ್ಲಿ ಎಂತ ಉಂಟೋ ಗೊತ್ತಿಲ್ಲ. ಒಮ್ಮೆ ಬಂದು ಹೋಗಿ. ಎದುರಿನಲ್ಲಿ ಕೂತು ಹೇಳಿದರೆ ಪೂರ್ತಿ ಸರಿ ಆಗಬಹುದು."

ಭಾನುವಾರ ಹೊರಟೆ. ಒಳ್ಳೆಯ ಸೀರೆ ಉಟ್ಟೆ. ಪಡುಬಿದ್ರಿಯಲ್ಲಿ ಇಳಿದು ಕಾರ್ಕಳದ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕುಳಿತು, ಗಂಟಲಿಗೆ ಒಳ್ಳೆಯದೆಂದು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡೆ. ನಗಬೇಡಿ. ನೀವಾಗಿದ್ದರೂ ಹಾಕಿಕೊಳ್ಳುತ್ತಿದ್ದಿರಿ.

"ಬನ್ನಿ ಬನ್ನಿ ಗಿರಿಜಕ್ಕ" ಎಂದರು ಸುಮತಿ ಗೇಟಿನಲ್ಲೇ. "ದೊಡ್ಡ ಡಾಕ್ಟ್ರು ಬಂದ ಹಾಗಾಯ್ತು ನಮಗೆ."

ಕೈಕಾಲು ತೊಳೆದು, ಗೋಡೆಗೆ ಒರಗಿ ಕಾಲು ಚಾಚಿ ಕುಳಿತು, ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡೆ. ಗಂಟಲು ಸರಿಮಾಡಿಕೊಂಡು ಬೆಕ್ಕಿನ ಕತೆ ಶುರುಮಾಡಿದೆ. ಮಗು ನನ್ನ ಮುಖ ನೋಡಿತು. ಬಾಯಿ ಚೌಕ ಮಾಡಿತು. ಆಮೇಲೆ ಹೊರಟ ಆ ಕಿರುಚಾಟಕ್ಕೆ ಎದುರು ಮನೆಯ ನಾಯಿ ಎದ್ದು ಬೊಗಳಿತು.

"ಹಸಿವಾಗಿರಬೇಕು" ಎಂದೆ.

"ಈಗಷ್ಟೇ ಕುಡಿದದ್ದು" ಎಂದರು ಸುಮತಿ.

"ಹಾಗಾದ್ರೆ ಹೊಟ್ಟೆಯಲ್ಲಿ ವಾಯು."

"ನಿಮ್ಮ ಸೀರೆಯ ಬಣ್ಣ ನೋಡಿ ಹೆದರಿತೋ ಎಂತದೋ."

ಎಲ್ಲೂರು ಹೇಳಿದೆ, ಬೀಡಿ ಹೇಳಿದೆ. ಜೋಗುಳವನ್ನೂ ಎಳೆದೆ. ಜೋಗುಳಕ್ಕೆ ಸವಿತಳೇ "ಸಾಕು ಮಾಮಿ" ಎಂದಳು. ಸುಮತಿ ಮಗುವನ್ನು ಎತ್ತಿಕೊಂಡು, "ಫೋನಿನಲ್ಲೇ ಚಂದ ನೀವು ಗಿರಿಜಕ್ಕ" ಎಂದರು. ಬಾಯಿಯಲ್ಲಿದ್ದ ಕಲ್ಲುಸಕ್ಕರೆಯ ಕೊನೆಯ ಚೂರನ್ನು ನುಂಗಿಕೊಂಡೆ.

ಬಾಣಂತಿ ಕೋಣೆ ಕತ್ತಲು. ಬೆಳ್ಳುಳ್ಳಿ, ಎಣ್ಣೆ, ಧೂಪದ ವಾಸನೆ. ಸವಿತ ತಲೆಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿದ್ದಳು. ಕಣ್ಣಿನ ಕೆಳಗೆ ಮಸಿ ಬಳಿದ ಹಾಗೆ. ನನ್ನನ್ನು ನೋಡದೆ ಹೇಳಿದಳು:

"ಮಾಮಿ, ಆ ಗ್ರೈಂಡರ್ ಕೊಟ್ಟುಬಿಡಿ."

"ಯಾಕೆ?"

"ಇದೊಂದನ್ನೇ ನೋಡಿಕೊಳ್ಳಲು ನನ್ನಿಂದ ಆಗುವುದಿಲ್ಲ. ಇನ್ನು ಅದನ್ನು ಎಲ್ಲಿ ನೋಡಿಕೊಳ್ಳಲಿ? ಮಣಿಪಾಲದ ಅಂಗಡಿಯವರು ಬೇರೆಯವರ ಹಿಟ್ಟು ಇಟ್ಟಿದ್ದಾರಂತೆ. ಇಡಲಿ. ಒಂದು ನಿದ್ದೆ ಮಾಡಿದರೆ ಸಾಕು ನನಗೆ."

"ಅದೇ ನಾನೂ ಹೇಳುವುದು" ಎಂದರು ಸುಮತಿ ಬಾಗಿಲಿನಿಂದ. "ಮೊದಲು ತಾಯಿ ಆಗಲಿ. ವ್ಯಾಪಾರ ಎಲ್ಲಿಗೆ ಓಡಿ ಹೋಗ್ತದೆ?"

"ವ್ಯಾಪಾರ ಓಡಿಯೇ ಹೋಗುವುದು ಸುಮತಿಯಕ್ಕ. ಮಗು ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ಇರ್ತದೆ" ಎಂದೆ. ಅವರಿಗೆ ಇಷ್ಟವಾಗಲಿಲ್ಲ. ಆದರೆ ಬೇಡ ಎಂದವಳಿಗೆ ಬೇಕು ಎನಿಸುವುದು ನನ್ನಿಂದಲೂ ಆಗುವ ಕೆಲಸವಲ್ಲ. ಸವಿತ ಕಣ್ಣು ಮುಚ್ಚಿದ್ದಳು. ಕುಂದಾಪುರ ತೋರಿಸುತ್ತಿದ್ದ ಕೈ ಚಾಪೆಯ ಮೇಲೆ ಬಿದ್ದಿತ್ತು. ಬೇಸರವಾಯಿತು. ಬೇಸರದಲ್ಲಿ ಕುಳಿತರೆ ಬಸ್ಸು ಹೋಗುತ್ತದೆ, ಎದ್ದು ಬಂದೆ.

ದಿನೇಶ ಎರಡು ಮಾತಾಡಲಿಲ್ಲ. ಹೆಂಡತಿ ಹೇಳಿದಳು, ಮುಗಿಯಿತು. ಹೆಬ್ರಿಯಲ್ಲಿ ಸಮಾರಂಭದ ಅಡುಗೆ ಮಾಡುವ ನಾರಾಯಣ ಎಂಬವರಿಗೆ ದೊಡ್ಡ ಗ್ರೈಂಡರ್ ಬೇಕಿತ್ತಂತೆ. ಶುಕ್ರವಾರ ಬೆಳಿಗ್ಗೆ ಟೆಂಪೋ ತೆಗೆದುಕೊಂಡು ಬರುತ್ತೇನೆ ಎಂದರು.

ಗುರುವಾರ ಮಧ್ಯಾಹ್ನ. ಕೊನೆಯ ಸಲ ಕಡೆಯೋಣ, ಉಳಿದ ಮನೆಗಳಿಗೆ ಕೊಟ್ಟು ಇನ್ನು ಇಲ್ಲ ಎಂದು ಹೇಳಿ ಕಳಿಸೋಣ ಎಂದು ಉದ್ದು ಹಾಕಿದೆ. ಕಾರ್ಕಳದಲ್ಲಿ ಮಾನ ಹೋಗಿದ್ದರೂ ಫೋನಿನಲ್ಲಿ ನನ್ನ ಮರ್ಯಾದೆ ಇನ್ನೂ ಉಳಿದಿತ್ತು. ಮಗು ಫೋನಿಗೆ ಮಲಗುತ್ತಿತ್ತು. ಮಾತಾಡುತ್ತಿದ್ದೆ. ಅಮ್ಮನ ಒದ್ದೆ ಮಣಿಕಟ್ಟಿನ ವಿಷಯವೇ ಇರಬೇಕು. ಆಗ ಕರೆಂಟು ಹೋಯಿತು.

ಗ್ರೈಂಡರ್ ಒಂದು ಅರ್ಧ ಸುತ್ತು ಎಳೆದು, ಟಕ್ ಎನ್ನುವ ಮೊದಲೇ ನಿಂತಿತು. ಸಮುದ್ರ ಕೇಳಿಸಿತು. ನಾನು ಮಾತು ನಿಲ್ಲಿಸಲಿಲ್ಲ. ಮಗು ಎದ್ದು ಕಿರುಚಿತು.

"ಎಂತ ಆಯ್ತು ಮಾಮಿ?"

"ಎಂತ ಇಲ್ಲ, ಕರೆಂಟು ಹೋಯ್ತು. ಮಗಾ, ಕೇಳು ಮಗಾ, ಅಜ್ಜಿ ಇಲ್ಲೇ ಉಂಟಲ್ಲ." ಸ್ವರ ಏರಿಸಿದೆ. ಅದೂ ಏರಿಸಿತು. ನಾವಿಬ್ಬರೂ ಪೈಪೋಟಿಗೆ ಬಿದ್ದವರ ಹಾಗೆ ಏರಿಸುತ್ತಾ ಹೋದೆವು. ನನಗೆ ಕೆಮ್ಮು ಬಂತು. ಅಷ್ಟರಲ್ಲಿ ಕರೆಂಟು ಬಂತು. ಘುರ್ರ್, ಟಕ್. ಘುರ್ರ್, ಟಕ್. ಅತ್ತ ಕಡೆ ಅಳು ಮೆಲ್ಲಗೆ ಇಳಿಯಿತು, ಬಿಕ್ಕಳಿಕೆಯಾಯಿತು, ನಿಂತಿತು. ನಾನಿನ್ನೂ ಕೆಮ್ಮುತ್ತಲೇ ಇದ್ದೆ. ಒಂದು ಮಾತೂ ಆಡಿರಲಿಲ್ಲ.

"ಮಾಮಿ" ಎಂದಳು ಸವಿತ. "ಗ್ರೈಂಡರ್ ಬಂದ್ ಮಾಡಿ ಒಮ್ಮೆ."

ಮಾಡಿದೆ. ಮಗು ಎದ್ದಿತು.

"ಹಾಕಿ."

ಹಾಕಿದೆ. ಮಗು ಸುಮ್ಮನಾಯಿತು.

"ನಾನು ಎಂತ ಮಾತಾಡಲಿ ಈಗ?" ಎಂದು ಕೇಳಿದೆ.

"ನೀವು ಮಾತಾಡುವುದು ಬೇಡ ಮಾಮಿ. ಗ್ರೈಂಡರ್ ತಿರುಗಿದರೆ ಸಾಕು."

ಆಮೇಲೆ ಅವಳು ನಕ್ಕಳು. ಶೆಡ್ಡಿನ ನಗು. ಬಾಯಿಗೆ ಸೆರಗು ಒತ್ತಿಕೊಂಡಿರಬೇಕು, ಮಗು ಏಳುತ್ತದೆಂದು, ಆದರೂ ಕೇಳಿಸುತ್ತಿತ್ತು. "ಮಾಮಿ, ಇಷ್ಟು ದಿನ ನಿಮ್ಮ ಎಲ್ಲೂರಿನ ಕತೆ..." ಎಂದು ಶುರುಮಾಡಿ ಮುಗಿಸಲಾಗದೆ ನಕ್ಕಳು. ನಗುತ್ತಾ ಅತ್ತಳೋ ಎಂದು ನನಗೆ ಅನುಮಾನ. ಮತ್ತೆ ಹೇಳಿದಳು, ಬಹಳ ಮೆಲ್ಲಗೆ: "ಹೊಟ್ಟೆಯಲ್ಲಿದ್ದಾಗ ಇದನ್ನೇ ಕೇಳಿದ್ದಲ್ವಾ ಅದು. ನಾನು ಅಲ್ಲೇ ಒರಗಿ ನಿಲ್ಲುತ್ತಿದ್ದೆ." ಅಷ್ಟೆ. ಫೋನಿನಲ್ಲಿ ಅವಳ ಉಸಿರು ಉದ್ದವಾಯಿತು. ಫೋನು ಇಡದೆಯೇ ಮಲಗಿಬಿಟ್ಟಿದ್ದಳು.

ನನಗೆ ಆದ ಅವಮಾನವನ್ನು ಆಮೇಲೆ ನೋಡಿಕೊಳ್ಳೋಣ ಎಂದುಕೊಂಡೆ. ಆಗ ನನ್ನ ಎದುರಿದ್ದ ತೊಂದರೆ ಬೇರೆ. ಉದ್ದು ನುಣ್ಣಗಾಗಿತ್ತು. ಗ್ರೈಂಡರ್ ನಿಲ್ಲಿಸಿದರೆ ಅಲ್ಲಿ ಇಬ್ಬರೂ ಏಳುತ್ತಾರೆ. ಹಿಟ್ಟು ತೆಗೆದು ಬರಿದೇ ತಿರುಗಲು ಬಿಡೋಣವೆಂದರೆ, ಬರೀ ಕಲ್ಲು! ಅಮ್ಮ ಸತ್ತು ಎಷ್ಟು ವರ್ಷವಾದರೂ ಹಣೆಯ ಮೇಲೆ 'ತಟ್' ಎಂದ ಹಾಗಾಯಿತು. ತಿರುಗುತ್ತಿರುವಾಗಲೇ ಹಿಟ್ಟನ್ನು ಬಾಚಿ ಬಾಚಿ ಪಾತ್ರೆಗೆ ತೆಗೆದು ನೆನೆಸಿದ ಅಕ್ಕಿ ಸುರಿದೆ. ಅದು ಮುಗಿಯಿತು. ರಾತ್ರಿಗೆಂದು ನೆನೆಸಿದ್ದ ಕುಚ್ಚಲಕ್ಕಿ ಹಾಕಿದೆ. ಅದೂ ಮುಗಿಯಿತು. ಮೆಂತೆ, ಬೆಳಗ್ಗಿನ ಉಳಿದ ಅನ್ನ, ಅವಲಕ್ಕಿ, ನಾಲ್ಕು ಹಿಡಿ ಹೆಸರು. ಮನೆಯಲ್ಲಿ ಇದ್ದದ್ದನ್ನೆಲ್ಲ ಸೆರಗಿನಲ್ಲಿ ತುಂಬಿಕೊಂಡು ಒಳಗೆ ಹೊರಗೆ ಓಡಿದೆ. ಪಾತ್ರೆ ಮುಗಿದು ಬಾಲ್ದಿಗೆ ಬಂದೆ. ಬಿಸಿಲು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಮಾಡಿಗೆ ಏರಿತು. ಕಾಲು ಸೋತು, ಅಕ್ಕಿಯ ಡಬ್ಬಿಯ ಮೇಲೆ ಕುಳಿತು, ಕಲ್ಲಿಗೆ ಹಿಡಿ ಹಿಡಿ ಹಾಕುತ್ತಾ ತೂಕಡಿಸಿದೆ. ಕಲ್ಲು ದೊಡ್ಡದಾಗುತ್ತಾ ಬಂತು. ಅದರೊಳಗೆ ಹಾಳೆಯ ಮೇಲೆ ಮಲಗಿದ್ದದ್ದು ನನ್ನ ತಮ್ಮನೋ, ದಿನೇಶನೋ, ಕಾರ್ಕಳದ ಮಗುವೋ. ಎಲ್ಲರೂ ಮೆಲ್ಲಗೆ ಸುತ್ತುತ್ತಿದ್ದರು. ಯಾರೂ ಅಳುತ್ತಿರಲಿಲ್ಲ.

ದಿನೇಶ ಬಂದು ಬಾಗಿಲಲ್ಲಿ ನಿಂತ. ಸುತ್ತಲೂ ಬಾಲ್ದಿ ನೋಡಿದ.

"ಎಂತಮ್ಮ ಇದು, ಯಾರ ಮದುವೆ?"

"ಮೆಲ್ಲ ಮಾತಾಡು. ನಿನ್ನ ಹೆಂಡತಿ ಮಲಗಿದ್ದಾಳೆ" ಎಂದು ಫೋನು ತೋರಿಸಿದೆ.

ನನಗೆ ಹುಚ್ಚು ಹಿಡಿಯಿತೆಂದು ಅವನಿಗೆ ಅನಿಸಿರಬೇಕು. ಎಲ್ಲ ಹೇಳಿದೆ. ಅವನು ತಲೆ ಕೆರೆದುಕೊಂಡ. ಓದಿದ ಹುಡುಗ, ಕೂಡಲೇ ದಾರಿ ಹುಡುಕಿದ: "ಅಷ್ಟೇ ಅಲ್ವಾ? ಸೌಂಡ್ ರೆಕಾರ್ಡ್ ಮಾಡಿ ಕಳಿಸುವ. ಅಲ್ಲಿ ಹಾಕಿಕೊಳ್ಳಲಿ. ನಾಳೆ ಗ್ರೈಂಡರ್ ಕೊಟ್ಟುಬಿಡುವ."

"ಗ್ರೈಂಡರ್ ಕೊಟ್ಟು ಅದರ ಶಬ್ದ ಇಟ್ಟುಕೊಳ್ಳುವುದಾ? ಸತ್ತವರ ಫೋಟೋಕ್ಕೆ ಹಾರ ಹಾಕಿದ ಹಾಗೆ?"

"ಮಗು ಮಲಗ್ತದಲ್ಲಮ್ಮ."

"ಮಗು ಮಲಗ್ತದೆ. ನಿನ್ನ ಹೆಂಡತಿ ಏಳುವುದು ಬೇಡ್ವಾ?"

ಅವನು ಹಿಟ್ಟಿನ ಬಾಲ್ದಿಗೆ ಬೆರಳು ಅದ್ದಿ ನೋಡಿದ. ಸವಿತ ಮಾಡುವ ಹಾಗೆಯೇ. ಬೆರಳು ಒರೆಸಿಕೊಂಡು ಕೇಳಿದ, "ಹಾಗಾದ್ರೆ ಹೆಬ್ರಿಯವರಿಗೆ ಬರುವುದು ಬೇಡ ಅಂತ ಹೇಳ್ಲಾ?"

"ಬೇಡ, ಬರಲಿ" ಎಂದೆ. "ಟೆಂಪೋ ತರ್ತಾರಲ್ಲ."

ಮರುದಿನ ಬೆಳಿಗ್ಗೆ ಎದ್ದವಳೇ ಉದ್ದು ನೆನೆಹಾಕಿದೆ. ದಿನೇಶ ಮುಂಚಿನ ದಿನದ ಹಿಟ್ಟಿನಲ್ಲಿ ಸರಿಯಾದದ್ದನ್ನು ದೀಪಸ್ತಂಭದ ತೊಟ್ಟೆಗೆ ತುಂಬಿಸಿಕೊಂಡು ಮಣಿಪಾಲಕ್ಕೆ ಹೋದ. ಸರಿಯಿಲ್ಲದ್ದರಲ್ಲಿ ನಾನು ದೋಸೆ ಎರೆದೆ. ಹೆಬ್ರಿಯ ನಾರಾಯಣ ಬಂದರು. ದೊಡ್ಡ ಹೊಟ್ಟೆ, ಒಳ್ಳೆಯ ನಗು. ತಿನ್ನಲು ಕೂರಿಸಿ ಬಡಿಸಿದೆ.

"ಇದು ಎಂತ ದೋಸೆ ಅಕ್ಕ? ಹೆಸರಿನ ರುಚಿ ಉಂಟು, ಅವಲಕ್ಕಿಯದ್ದೂ ಉಂಟು."

"ಹೆಸರಿಟ್ಟಿಲ್ಲ ಇನ್ನೂ. ನಾರಾಯಣಣ್ಣ, ಗ್ರೈಂಡರ್ ಕೊಡುವುದಿಲ್ಲ. ನನಗೆ ನಿಮ್ಮ ಟೆಂಪೋ ಬೇಕು. ನಿಮಗೆ ಹೆಬ್ರಿಗೆ ಹೋಗಲು ಕಾರ್ಕಳದ ಮೇಲಿನಿಂದಲೂ ಆಗ್ತದಲ್ಲ?"

ಅವರ ಕೈ ಎಲೆಯ ಮೇಲೆ ನಿಂತಿತು. ಕಾರಣ ಹೇಳಿದೆ. ಅವರು ಕೇಳಿ, ಇನ್ನೊಂದು ದೋಸೆ ಹಾಕಿಸಿಕೊಂಡು, ಅದನ್ನು ಪೂರ್ತಿ ತಿಂದು, ನೀರು ಕುಡಿದು ಹೇಳಿದರು, "ಅದು ಗ್ರೈಂಡರ್ ಅಲ್ಲ ಅಕ್ಕ, ತೊಟ್ಟಿಲು. ತೊಟ್ಟಿಲು ಕೊಂಡುಕೊಂಡು ಹೋದರೆ ನನ್ನ ಹೆಂಡತಿ ಮನೆಯೊಳಗೆ ಸೇರಿಸಲಿಕ್ಕಿಲ್ಲ. ಹತ್ತಿ."

ಹಿಂದೆ ಗ್ರೈಂಡರಿಗೆ ಗೋಣಿ ಸುತ್ತಿ ಹಗ್ಗ ಬಿಗಿದರು. ನಾನು ಮುಂದೆ, ಮಡಿಲಲ್ಲಿ ನೆನೆದ ಉದ್ದಿನ ಪಾತ್ರೆ. ಪಡುಬಿದ್ರಿ ದಾಟಿತು, ಬೆಳ್ಮಣ್ ದಾಟಿತು. ದಾರಿ ತಿರುಗುವಲ್ಲೆಲ್ಲ ಪಾತ್ರೆಯ ನೀರು ನನ್ನ ಮೊಣಕಾಲಿಗೆ ಚೆಲ್ಲುತ್ತಿತ್ತು.

ಗೇಟಿನಲ್ಲಿ ಟೆಂಪೋ ನೋಡಿ ಸುಮತಿ, "ಎಂತ ಗಿರಿಜಕ್ಕ, ಮನೆ ಖಾಲಿ ಮಾಡಿಕೊಂಡು ಬಂದದ್ದಾ?" ಎಂದರು. ಒಳಗೆ ಮಗು ಅಳುತ್ತಿತ್ತು. ಉತ್ತರ ಕೊಡಲು ಹೋಗಲಿಲ್ಲ. ನಾರಾಯಣರೂ ಟೆಂಪೋದವನೂ ಸೇರಿ ಗ್ರೈಂಡರನ್ನು ಬಾಣಂತಿ ಕೋಣೆಯ ಕಿಟಕಿಯ ಹೊರಗೆ ಜಗಲಿಯಲ್ಲಿ ಇಳಿಸಿದರು. ವಯರ್ ಸಿಕ್ಕಿಸಿದೆ. ಪಾತ್ರೆಯ ಅರ್ಧ ಉದ್ದು ಸುರಿದೆ. ಗುಂಡಿ ಒತ್ತಿದೆ.

ಘುರ್ರ್, ಟಕ್.

ಒಳಗೆ ಅಳು ಅರ್ಧದಲ್ಲಿ ನಿಂತಿತು. ಸುಮತಿ ಕೈಯಲ್ಲಿದ್ದ ಪೊರಕೆಯನ್ನು ಹಾಗೆಯೇ ಹಿಡಿದು ನಿಂತರು. ಸ್ವಲ್ಪ ಹೊತ್ತಿಗೆ ಕೋಣೆಯ ಬಾಗಿಲು ತೆರೆಯಿತು. ತಲೆಗೆ ಬಟ್ಟೆ ಕಟ್ಟಿಕೊಂಡೇ ಸವಿತ ಹೊರಗೆ ಬಂದಳು, ಹೆಗಲ ಮೇಲೆ ಮಗು, ಕಣ್ಣು ಮುಚ್ಚಿದೆ. "ಬಾಣಂತಿ ತಣ್ಣೀರು ಮುಟ್ಟಬಾರದು, ಒಳಗೆ ಹೋಗು!" ಎಂದು ಸುಮತಿ ಕೂಗಿದರು. ಅವಳು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ತಿರುಗುವ ಕಲ್ಲಿನ ಪಕ್ಕದಲ್ಲಿ ಒಂದು ಬೆರಳು ಇಳಿಸಿ, ಹೆಬ್ಬೆರಳಿಗೆ ಉಜ್ಜಿ ನೋಡಿದಳು.

"ಉದ್ದು ಕಡಿಮೆಯಾಯ್ತು ಮಾಮಿ" ಎಂದಳು.

ನಾನು ಇನ್ನೊಂದು ಹಿಡಿ ಹಾಕಿದೆ.